ಕಂಚುಗಾರನ ಗುಂಡು

ಕರಿಗುಂಡಿನಹಾಳದ ಬೀರಪ್ಪನ ಗುಡಿಯ ಹಿಂದೆ, ಗುಡ್ಡದ ನೆತ್ತಿಯಲ್ಲಿ, ಮಲಗಿದ ಎತ್ತಿನಷ್ಟು ದೊಡ್ಡದೊಂದು ಕರಿಯ ಗುಂಡು ಇದೆ. ಮೂರೇ ಮೂರು ಮೊನೆಗಳ ಮೇಲೆ ಕೂತಿದೆ. ಉಳಿದ ಅಡಿಯೆಲ್ಲ ಟೊಳ್ಳು. ಉಂಡೆಗಲ್ಲಿನಿಂದ ಬಡಿದರೆ ಗಂಟೆಯ ನಾದ ಬರುತ್ತದೆ. ನೋಡಲು ಬಂದವರು ಒಳಗೆ ಕಂಚು ತುಂಬಿದೆ ಎಂದು ವಾದ ಮಾಡುತ್ತಾರೆ. ಕಂಚೂ ಇಲ್ಲ, ಗಿಂಚೂ ಇಲ್ಲ, ಅದು ಬರೀ ಕಲ್ಲು. ಆದರೂ ಊರವರು ಇದನ್ನು ಕಂಚುಗಾರನ ಗುಂಡು ಎನ್ನುತ್ತಾರೆ. ಕುರಿ ಕಾಯುವ ಮನೆತನದವನಾದ ನನಗೆ ಈ ಹೆಸರು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇದು ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಹುಲಿಗೆವ್ವನ ಗುಂಡು. ಇರಲಿ, ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕಲ್ಲ.

ಆ ಕಾಲದಲ್ಲಿ ಹುಲಿಗೆವ್ವ ಸಂಜೆಗೆ ಈ ಗುಂಡು ಬಡಿದಳೆಂದರೆ, ಗುಡ್ಡದ ತುಂಬ ಚದುರಿದ ಕುರಿಗಳೆಲ್ಲ ತಾವಾಗಿ ಇಳಿದು ಬರುತ್ತಿದ್ದವಂತೆ. ಅದೇ ಊರಿನಲ್ಲಿ ಗಂಟೆ ಎರಕ ಹೊಯ್ಯುವ ಮಾನಪ್ಪನೆಂಬ ಕಂಚುಗಾರನಿದ್ದ. ಸುತ್ತ ಹತ್ತೂರಿನಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಒಂದು ವರ್ಷ ಕೂತು ಬೀರಪ್ಪನಿಗೆಂದು ಗಂಟೆ ಮಾಡಿದ. ತೂಗುಹಾಕಿದ ದಿನ ಊರ ಗೌಡ ಬಾರಿಸಿ ನೋಡಿ, "ಭಾಳ ಛಲೋ ಐತಿ ಮಾನಪ್ಪ. ಆದ್ರ ಹುಲಿಗೆವ್ವನ ಗುಂಡಿನಂಗ ಇಲ್ಲ ಬಿಡು" ಎಂದನಂತೆ. ಅಯ್ಯೋ, ಆ ಒಂದು ಮಾತು! ಮಾನಪ್ಪ ಹಗಲೂ ಇರುಳೂ ಅದನ್ನೇ ಮೆಲುಕು ಹಾಕಿದ. ಕುಲುಮೆಯಿಲ್ಲ, ಅಚ್ಚಿಲ್ಲ, ಅರ ಹಿಡಿದು ತಿಕ್ಕಿದ್ದಿಲ್ಲ; ಕುರಿಯವಳೊಬ್ಬಳು ದಾರಿಯ ಕಲ್ಲು ಬಡಿದು ತನಗಿಂತ ಮೇಲೆನಿಸಿಕೊಳ್ಳುವುದೆಂದರೇನು? ಸಂಜೆ ಆ ನಾದ ಕೇಳಿದರೆ ಸಾಕು, ಅವನ ಮೈಯೆಲ್ಲ ಉರಿಯುತ್ತಿತ್ತು.

ಗಂಟೆಯನ್ನು ಅಂಗೈಯಿಂದ ಅದುಮಿ ಹಿಡಿದರೆ ದನಿ ಸಾಯುತ್ತದೆ ಎಂಬುದು ಅವನ ಕಸುಬಿನ ಅರಿವು. ಗುಂಡು ನುಡಿಯುವುದು ಅಡಿಯ ಟೊಳ್ಳಿನಿಂದ ಎಂದು ಊರಿನಲ್ಲಿ ಬೇರೆ ಯಾರಿಗೆ ಹೊಳೆದೀತು! ಸಂತೆಯ ದಿನ ಊರು ಬರಿದಾದಾಗ ಅಚ್ಚಿನ ಜೇಡಿಮಣ್ಣು ಹೊತ್ತು ಗುಡ್ಡ ಹತ್ತಿ, ಗುಂಡಿನ ಅಡಿಗೆ ಗಿಡಿದು ತುಂಬಿದ. ಅಂದು ಸಂಜೆ ಹುಲಿಗೆವ್ವ ಬಡಿದರೆ 'ದಪ್' ಎಂದಿತು. ದೇವರು ಮುನಿದನೆಂದು ಊರೇ ಹೆದರಿತು. ಅವಳು ದಿನಾ ಕೂಗಿ ಕೂಗಿ ಗಂಟಲು ಒಡೆದುಕೊಂಡಳು. ಕೂಗು ಮುಟ್ಟದ ಕುರಿಗಳನ್ನು ತೋಳಗಳು ತಿಂದವು.

ಇತ್ತ ಮಾನಪ್ಪ ಹೊಸ ಗಂಟೆ ಹೊಯ್ದು, ದನಿ ಕೂಡಿಸಲು ಅಂಚು ಹೆರೆಯತೊಡಗಿದ. ಎಷ್ಟು ಹೆರೆದರೂ ಸರಿ ಬಂತೋ ಇಲ್ಲವೋ ತಿಳಿಯದು. ಅಂಚು ತೆಳುವಾಗಿ ಗಂಟೆ ಸೀಳಿತು. ಮತ್ತೊಂದು ಹೊಯ್ದ, ಅದೂ ಸೀಳಿತು. ಆಗ ಅವನಿಗೆ ತಿಳಿಯಿತು: ಇಷ್ಟು ವರ್ಷವೂ ತಾನು ಪ್ರತಿಯೊಂದು ಗಂಟೆಯ ದನಿ ಕೂಡಿಸಿದ್ದು ಸಂಜೆ ತೇಲಿ ಬರುತ್ತಿದ್ದ ಆ ಗುಂಡಿನ ನಾದಕ್ಕೆ.

ನಡುಹಗಲಲ್ಲಿ, ಊರೆಲ್ಲ ನೋಡುತ್ತಿರಲು, ಅವನು ಗುಂಡಿನ ಮುಂದೆ ಬೋರಲು ಮಲಗಿ ಒಣಗಿದ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆದ. ಉಗುರು ಕಿತ್ತು ರಕ್ತ ಬಂದರೂ ಬಿಡಲಿಲ್ಲ. "ಹೊಟ್ಟಿಕಿಚ್ಚಿಗೆ ಮಾಡಿದ್ನಿ ಯವ್ವಾ. ಇದರ ದನಿ ಇಲ್ದ ನನ್ನ ಗಂಟಿ ಒಂದೂ ಕೂಡವಲ್ದು" ಎಂದ. ಇವನನ್ನು ಊರು ಬಿಡಿಸಬೇಕೆಂದು ಗೌಡ ಎದ್ದು ನಿಂತ. ಹುಲಿಗೆವ್ವ ತಡೆದಳು. ಒಡೆದ ಗಂಟಲಿನಲ್ಲಿ, "ಬಡದಾಕಿ ನಾನು, ಹೊಗಳಿದವರು ನೀವು. ಕಿವಿಗೊಟ್ಟು ಕೇಳಿದಾಂವ ಇವನೊಬ್ಬನ. ಇನ್ನ ಇದು ಕಂಚುಗಾರನ ಗುಂಡು" ಎಂದಳಂತೆ. ಕೊಟ್ಟೇಬಿಟ್ಟಳು ಮಹಾತಾಯಿ! ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಇಂದಿಗೂ ಸಂಜೆಯ ಪೂಜೆಗೆ ಮೊದಲು ಗುಂಡು, ಆಮೇಲೆ ಮಾನಪ್ಪನ ಗಂಟೆ. ಗುಂಡಿನ ಅಡಿಯಲ್ಲಿ ಕಾಣುವ ಗೀರುಗಳು ಅವನ ಬೆರಳಿನವು ಎನ್ನುತ್ತಾರೆ. ಗುಂಡು ಬಡಿಯುವವನು ನಾನು, ಗಂಟೆ ಬಾರಿಸುವವರು ಕಂಚುಗಾರರ ಮನೆಯವರು. ಮಳೆ ಬಂದಾಗಲೆಲ್ಲ ಅಡಿಗೆ ಮಣ್ಣು ಕೊಚ್ಚಿ ಬಂದು ಸೇರುತ್ತದೆ. ತೆಗೆಯೋಣವೆಂದು ನಾನು ಬೆಳಗಾದೊಡನೆ ಗುಡ್ಡ ಹತ್ತುತ್ತೇನೆ. ಒಂದು ಸಲವೂ ಒಂದು ಹಿಡಿ ಮಣ್ಣು ಸಿಕ್ಕಿಲ್ಲ. ಕಂಚುಗಾರರ ಮನೆಯವರು ನನಗಿಂತ ಮೊದಲೇ ಬಂದು ತೆಗೆದಿರುತ್ತಾರೆ. ಅದಕ್ಕೂ ನನಗೆ ಹೊಟ್ಟೆಕಿಚ್ಚು.