ಸೋರೆಬಾಸಿಂಗದ ಬಂಡೆ

ತುಂಗಭದ್ರೆಯ ಅಂಬಿಗರ ಕಡವಿನಲ್ಲಿ ಹರಿಗೋಲು ಹತ್ತಿದವರಿಗೆ ನಡುಹೊಳೆಯಲ್ಲಿ ಮೊದಲು ಕಾಣುವುದು ಆನೆ ಮಲಗಿದ ಹಾಗಿರುವ ಒಂದು ಬಂಡೆ. ಅದರ ನೆತ್ತಿಯ ಮೇಲೆ ನೆಟ್ಟ ಗಳಕ್ಕೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿರುತ್ತಾರೆ. ಗಾಳಿ ಬೀಸಿದಾಗ ಅವು ಒಂದಕ್ಕೊಂದು ತಾಗಿ ಟೊಕಟೊಕ ಎನ್ನುತ್ತವೆ. ಬಂಡೆಯ ಹೆಸರು ಕೇಳಿ ಪರವೂರಿನವರು ನಗುವುದುಂಟು. ನಗಲಿ, ಅದು ನಗುವಂಥದ್ದೇ ಕಥೆ.

ಹಿಂದೆ ಒಮ್ಮೆ ಆಚೆ ದಡದಲ್ಲಿ ಗಾಳೆವ್ವ ಎಂಬ ಅಂಬಿಗರ ಹುಡುಗಿ ಇದ್ದಳು. ಜನರನ್ನು ದಾಟಿಸುವಾಗ ಒಬ್ಬೊಬ್ಬರ ನಡುವಿಗೂ ಸೋರೆಬುರುಡೆ ಕಟ್ಟುವುದು ಕಡವಿನ ಪದ್ಧತಿ; ಹರಿಗೋಲು ಮಗುಚಿದರೂ ಬುರುಡೆ ತೇಲಿಸುತ್ತದೆ. ಅಂಬಿಗ ಮಾತ್ರ ಕಟ್ಟಿಕೊಳ್ಳುತ್ತಿರಲಿಲ್ಲ. ಕಟ್ಟಿಕೊಂಡರೆ ಗಂಗಮ್ಮನನ್ನು ನಂಬಲಿಲ್ಲ ಎಂದಂತೆ, ಮೀಸೆಗೂ ಅವಮಾನ. ಹಾಗೆಯೇ ಮೀಸೆ ತಿರುವುತ್ತ ಹೋದ ಗಾಳೆವ್ವನ ಅಪ್ಪ ಒಂದು ದಿನ ಮರಳಲಿಲ್ಲ. ಅವನು ಕೂರಿಸಿಕೊಂಡಿದ್ದವರೆಲ್ಲ ತೇಲಿ ದಡ ಸೇರಿದ್ದರು. ಅಂದಿನಿಂದ ಅವಳು ಹಿತ್ತಲ ತುಂಬ ಸೋರೆಬಳ್ಳಿ ಹಬ್ಬಿಸಿದಳು. ಈಚೆ ದಡದ ಅಂಬಿಗ ಹುಲಗಪ್ಪ ಹೆಣ್ಣು ನೋಡಲು ಬಂದಾಗ ಅವಳಿಗೆ ಬಹಳ ಹಿಡಿಸಿದ, ಹಿಡಿಸಿದ್ದರಿಂದಲೇ ಭಯವೂ ಆಯಿತು. ಅವ್ವನಂತೆ ದಡದಲ್ಲಿ ಕಾಯುತ್ತ ಕೂರುವುದು ತನ್ನಿಂದಾಗದು ಎನ್ನಿಸಿ, ಹಿರಿಯರ ಎದುರೇ ಬಾಯಿಬಿಟ್ಟಳು.

“ನಿಮ್ಮ ಕೈ ಭಾಳ ಗಟ್ಟಿ ಅಂತ ಊರಿಗೆಲ್ಲ ಗೊತ್ತೈತ್ರಿ. ಹೊಳಿಗೆ ಗೊತ್ತಿಲ್ಲ. ಬುರುಡಿ ಕಟ್ಕೊಂಡು ಬಂದ್ರ ತಾಳಿಗೆ ಕೊರಳು ಕೊಡ್ತೀನಿ.”

ಹುಲಗಪ್ಪನ ಅಪ್ಪ ಯಮನೂರಪ್ಪ, ಸೊಸೆಯಾಗುವವಳಿಗೆ ತನ್ನ ಮಗನಿಗಿಂತ ಸೋರೆಕಾಯಿಯ ಮೇಲೆಯೇ ನಂಬಿಕೆ ಹೆಚ್ಚು ಎಂದು ಊರೆಲ್ಲ ಹೇಳಿಕೊಂಡು ನಕ್ಕ. ಹುಲಗಪ್ಪ ಅಪ್ಪನನ್ನು ಎದುರಿಸಲಾರ, ಅವಳನ್ನು ಬಿಡಲಾರ. ಮದುವೆಯ ದಿನ ಅವಳು ಕಳಿಸಿದ್ದ ಬುರುಡೆಯನ್ನು ನಡುವಿಗೆ ಕಟ್ಟಿ, ಶಲ್ಯದೊಳಗೆ ಮುಚ್ಚಿಟ್ಟುಕೊಂಡು ಹರಿಗೋಲು ಹತ್ತಿದ.

ದಿಬ್ಬಣ ಬಂಡೆಯ ಹತ್ತಿರ ಬರುತ್ತಿದ್ದಂತೆ ದಡದಲ್ಲಿ ನಿಂತ ಮದುಮಗಳು ಕಂಡಳು. ಹುಟ್ಟಿನಿಂದ ನೀರಿನಲ್ಲಿ ಬೆಳೆದ, ಬುರುಡೆ ಕಟ್ಟದ ಅಂಬಿಗರೇ ಆದರೂ, ಮರೆಯಬಾರದ್ದನ್ನು ಮರೆತು, ಅವಳನ್ನು ನೋಡಲು ಎಲ್ಲರೂ ಒಂದೇ ಮಗ್ಗುಲಿಗೆ ಎದ್ದು ನಿಂತರು. ಹರಿಗೋಲು ಮಗುಚಿತು. ಉಳಿದವರು ಈಜಿ ಬಂಡೆ ಏರಿದರು; ಕಾಲಿಗೆ ಧೋತ್ರ ಸುತ್ತಿಕೊಂಡ ಯಮನೂರಪ್ಪ ಮುಳುಗಿಹೋದ. ಅವನನ್ನು ಹಿಡಿಯಹೋದ ಮಗನೂ ಅವನ ಹಿಂದೆ ಮುಳುಗಿದ. ಗಾಳೆವ್ವ ನೀರಿನಂಚಿಗೆ ಓಡಿದಳು. ಆಗ ನೀರಿನ ಮೇಲೆ ಅವಳ ಹಿತ್ತಲ ಬುರುಡೆಯೊಂದು ಪುಟಿದು ಬಂತು, ಅದರ ಜೊತೆಗೆ ಹುಲಗಪ್ಪ, ಅವನ ನಡು ತಬ್ಬಿಕೊಂಡ ಯಮನೂರಪ್ಪ. ಅವಳು ಅಳುತ್ತಲೇ ನಕ್ಕಳು. ತಾನೂ ಒಂದು ಬುರುಡೆ ಕಟ್ಟಿಕೊಂಡು, ಉಳಿದವನ್ನು ಹರಿಗೋಲಿನಲ್ಲಿ ಹೇರಿಕೊಂಡು, ತಾನೇ ಹುಟ್ಟು ಹಾಕಿ ಬಂಡೆಗೆ ಬಂದಳು.

ಬಾಸಿಂಗ ಹೊಳೆಪಾಲಾಗಿತ್ತು. ಬಾಸಿಂಗವಿಲ್ಲದ ಮದುವೆ ಎಲ್ಲಿಯಾದರೂ ಉಂಟೇ ಎಂದು ಹಿರಿಯರು ಗೊಣಗಿದಾಗ, ಯಮನೂರಪ್ಪನೇ ಒಂದು ಪುಟ್ಟ ಬುರುಡೆ ಆರಿಸಿ ಮಗನ ಹಣೆಗೆ ಹಿಡಿದ.

“ಇದ ಬಾಸಿಂಗ. ಕಟ್ರಿ. ಅದಕ್ಕೂ ಮೊದ್ಲು ನನ್ನ ನಡಕ್ಕೊಂದು ಕಟ್ಟವ್ವಾ ಗಾಳೆವ್ವ.”

ಮದುವೆ ಬಂಡೆಯ ಮೇಲೆಯೇ ಆಯಿತು. ಡೊಳ್ಳು ನೆನೆದಿದ್ದರಿಂದ ಬುರುಡೆಗಳನ್ನೇ ಬಡಿದು ಕುಣಿದರು ಎನ್ನುತ್ತಾರೆ.

ಈಗ ಕಡವಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ಬಂದಿವೆ. ದಡದಲ್ಲಿ ಯಾರೇ ಕಾಣಲಿ, ಹರಿಗೋಲಿನಲ್ಲಿ ಇಂದಿಗೂ ಯಾರೂ ಎದ್ದು ನಿಲ್ಲುವುದಿಲ್ಲ. ಅಂಬಿಗ ಮೊದಲು ತಾನು ಜಾಕೆಟ್ ತೊಟ್ಟು, ಅದರ ದಾರಕ್ಕೊಂದು ಪುಟ್ಟ ಬುರುಡೆ ಸಿಕ್ಕಿಸಿಕೊಂಡು, ಆಮೇಲೆಯೇ ಹುಟ್ಟು ಮುಟ್ಟುತ್ತಾನೆ. ಇಷ್ಟು ಚೆನ್ನಾಗಿ ಈಜು ಬಲ್ಲ ನಿನಗೇಕೆ ಅದು ಎಂದು ಯಾರಾದರೂ ಕೇಳಿದರೆ, ಬಂಡೆಯ ಕಡೆಗೊಮ್ಮೆ ನೋಡಿ ನಗುತ್ತಾನೆ: “ಮನ್ಯಾಗ ಕಾಯ್ತಿರ್ತಾರ್ರಿ.”