ತೆಂಕವ್ವ ಮರೆತುಹೋದ ಬಾಚಣಿಗೆ

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಬಳಿದ ಬಣ್ಣ ಆರಿರಲಿಲ್ಲ. ಯಾವ ಕಡೆ ಹರಿಯಬೇಕು ಅನ್ನುವುದು ನದಿಗಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಅಮೆರಿಕದ ನಟ್ಟನಡುವೆ ಬಯಲವ್ವ ಅಂತ ಒಬ್ಬಳಿದ್ದಳು. ಈಗ ಆ ಜಾಗವನ್ನು ಕೌಂಟಿ ಅನ್ನುತ್ತಾರೆ, ನಮ್ಮ ತಾಲ್ಲೂಕಿನ ಹಾಗೆ. ಆಗ ಅದು ಬಯಲವ್ವನ ಮನೆ. ಮನೆ ಅಂದರೆ ಗೋಡೆಯಿಲ್ಲ, ಬಾಗಿಲಿಲ್ಲ. ಸೀಮೆ ಸೀಮೆಗೆ ಬೆಟ್ಟ ಹಂಚಿದ ದಿನ ಅವಳು ಉಳುತ್ತಿದ್ದಳಂತೆ, ಕಡಲು ಹಂಚಿದ ದಿನ ಬಿತ್ತುತ್ತಿದ್ದಳಂತೆ. ಹೋಗಿ ಕೇಳುವ ಹೊತ್ತಿಗೆ ಎರಡೂ ಖಾಲಿ. ಹಾಗಾಗಿ ತಡೆಯಲು ಬೆಟ್ಟವಿಲ್ಲ, ತಣಿಸಲು ಕಡಲಿಲ್ಲ. ಯಾವ ಗಾಳಿ ಬಂದರೂ ಸೀದಾ ನಡುಮನೆಗೆ.

"ಹೋಗಲಿ ಬಿಡಿ, ನನಗೆ ಕೆಲಸ ಇದೆ" ಅಂದಳು ಬಯಲವ್ವ. ಅವಳಿಗೆ ಯಾವಾಗಲೂ ಕೆಲಸ ಇರುತ್ತಿತ್ತು.

ಅವಳಿಗೆ ಇಬ್ಬರು ಮಕ್ಕಳು. ಮಗ ಬಡಗಣ್ಣ, ಉತ್ತರದ ಗಾಳಿ. ಉದ್ದ ಕಾಲು, ಬಿಳಿ ಹುಬ್ಬು. ಶಾಸ್ತ್ರ ಅಂದರೆ ಶಾಸ್ತ್ರ, ಹೊತ್ತು ಅಂದರೆ ಹೊತ್ತು. ಮಗಳು ತೆಂಕವ್ವ, ದಕ್ಷಿಣದ ಗಾಳಿ. ಅವಳನ್ನು ದೂರದ ಕಡಲರಾಯನಿಗೆ ಕೊಟ್ಟು ಮದುವೆ ಮಾಡಿದ್ದರು.

ವರ್ಷಕ್ಕೊಮ್ಮೆ ತೆಂಕವ್ವ ತವರಿಗೆ ಬರುತ್ತಿದ್ದಳು. ಏಪ್ರಿಲ್ ಬಂದರೂ ಅಣ್ಣ ಹೊರಡಲೊಲ್ಲ, ತಂಗಿ ಕಾಯಲೊಲ್ಲಳು. ನಡುಮನೆಯಲ್ಲೇ ಇಬ್ಬರೂ ಡಿಕ್ಕಿ.

"ಬಾಗಿಲಲ್ಲಿ ಒಂದು ಗಳಿಗೆ ನಿಲ್ಲೋಕೆ ಆಗಲ್ವೇನೇ ನಿನಗೆ?"

"ಬಾಗಿಲು ಎಲ್ಲಿದೆ, ತೋರಿಸಣ್ಣ!"

ಗುಡುಗು, ಆಲಿಕಲ್ಲು, ಒಮ್ಮೊಮ್ಮೆ ಸುಂಟರಗಾಳಿ. ಆಮೇಲೆ ಅಣ್ಣ ಮುಖ ಊದಿಸಿಕೊಂಡು ಉತ್ತರಕ್ಕೆ ಹೋಗುತ್ತಿದ್ದ.

ತೆಂಕವ್ವ ಕಡಲ ಮನೆಯಲ್ಲಿ ಉಟ್ಟ ಒದ್ದೆ ಸೀರೆಯಲ್ಲೇ ಬರುತ್ತಿದ್ದಳು. ಸೆರಗು ಹಿಂಡಿದರೆ ಮಳೆ, ಹಿಂಡದೆ ಕೂತರೆ ಸೆಕೆ. ಹೊಲದ ಮೆಕ್ಕೆಜೋಳಕ್ಕೆ ಎರಡೂ ಇಷ್ಟ. ಆದರೆ ಅವಳ ಕೂದಲು! ಸಾವಿರ ಮೈಲಿ ಓಡಿ ಬಂದ ಕೂದಲು, ಸಿಕ್ಕು ಅಂದರೆ ಸಿಕ್ಕು. ತಾನೇ ಬಾಚಿಕೊಳ್ಳಬಹುದಿತ್ತು. ಆದರೆ ತಾನೇ ಬಾಚಿಕೊಳ್ಳುವುದಕ್ಕೆ ಯಾರಾದರೂ ತವರಿಗೆ ಬರುತ್ತಾರೆಯೇ?

ಒಂದು ವರ್ಷ ಮೇ ತಿಂಗಳಲ್ಲಿ ಬಾಚಣಿಗೆ ಹಿಡಿದು ಅವ್ವನ ಹತ್ತಿರ ಬಂದಳು. "ಅವ್ವ, ತಲೆ ಬಾಚವ್ವ."

"ಇರು ಮಗಳೇ, ಬಿತ್ತನೆ ಮುಗೀಲಿ."

ಜುಲೈಯಲ್ಲಿ ಬಂದಳು. "ಅವ್ವ, ತಲೆ ಬಾಚವ್ವ."

"ಇರು ಮಗಳೇ, ಜೋಳ ತೆನೆ ಕಟ್ತಾ ಇದೆ."

ಸೆಪ್ಟೆಂಬರಿನಲ್ಲಿ ಬಂದಳು. ಈ ಸಲ ಕೇಳಲಿಲ್ಲ, ಸುಮ್ಮನೆ ಓಕ್ ಮರದ ಬುಡದಲ್ಲಿ ಕೂತಳು.

"ಇರು ಮಗಳೇ, ಇನ್ನೇನು ಕೊಯ್ಲು" ಅಂದಳು ಬಯಲವ್ವ, ತಿರುಗಿ ನೋಡದೆ.

ಒಂದು ಬೆಳಿಗ್ಗೆ ಕಾಡುಬಾತುಗಳು ಸಾಲುಗಟ್ಟಿ ದಕ್ಷಿಣಕ್ಕೆ ಹಾರುತ್ತಾ ಕೂಗಿದವು. "ಕಡಲರಾಯ ಕರೀತಾನೆ! ಹೊರಡು ತೆಂಕವ್ವ, ಹೊರಡು!"

ತಂಗಿಯನ್ನು ಕಳಿಸಿಕೊಡುವುದು ಅಣ್ಣನ ಕೆಲಸ. ಬಡಗಣ್ಣ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತ. "ಹೊತ್ತಾಯ್ತು. ನಡಿ ತಂಗಿ."

ಬಯಲವ್ವ ಮಣ್ಣುಗೈಯಲ್ಲೇ ಓಡಿಬಂದಳು. ಅವಸರದಲ್ಲಿ ಕುಂಕುಮ ಅರ್ಧ ಮಗಳ ಹಣೆಗೆ, ಅರ್ಧ ಮೇಪಲ್ ಮರಕ್ಕೆ. ಅರಿಸಿನವೆಲ್ಲ ಪಕ್ಕದ ಹಿಕರಿ ಮರಕ್ಕೆ; ಒಂದರ ಎಲೆ ಕೆಂಪಾಯಿತು, ಇನ್ನೊಂದರದು ಹಳದಿ. ಅಷ್ಟರಲ್ಲಿ ಮಗಳು ಹೊರಟೇಬಿಟ್ಟಳು. ಹಿಂದೆಯೇ ಅಣ್ಣ ಹುಲ್ಲಿನ ತುದಿಗೆಲ್ಲ ಬಿಳಿ ಹಿಮ ಮೆತ್ತಿದ, ಕೊಳದ ನೀರು ಹೆಪ್ಪುಗಟ್ಟಿಸಿದ.

ಕೊಯ್ಲೂ ಮುಗಿಯಿತು. ಬಯಲವ್ವ ಅತ್ತಿತ್ತ ನೋಡಿದಳು. ಮಾಡಲು ಏನೂ ಉಳಿದಿರಲಿಲ್ಲ. ಹೋಗಿ ಓಕ್ ಮರದ ಬುಡದಲ್ಲಿ ಕೂತಳು. ಕೈಗೆ ಏನೋ ತಾಗಿತು.

ಬಾಚಣಿಗೆ. ಅದರಲ್ಲಿ ಒಂದೇ ಒಂದು ಕೂದಲೂ ಇರಲಿಲ್ಲ.

ಬೇಸಿಗೆಯೆಲ್ಲ ಮಗಳು ಮನೆಯಲ್ಲೇ ಇದ್ದಳು. ಬೇಸಿಗೆಯೆಲ್ಲ ತಾಯಿ ಜೋಳದ ತಲೆ ಸವರುತ್ತಿದ್ದಳು. ಬಯಲವ್ವ ಬಾಚಣಿಗೆಯನ್ನು ಸೆರಗಿನಲ್ಲಿ ಒರೆಸಿದಳು. ಎದ್ದು ನಿಂತು ದಕ್ಷಿಣಕ್ಕೆ ಕೂಗಿದಳು. "ತೆಂಕೀ! ಬಾಚಣಿಗೆ ಮರೆತಿದ್ದೀಯೇ!"

"ಅವ್ವ! ಹೊರಟವರನ್ನ ಹಿಂದಿನಿಂದ ಕೂಗ್ತಾರಾ?" ಬಡಗಣ್ಣ ಹೌಹಾರಿದ.

ಆದರೆ ತೆಂಕವ್ವ ಆಗಲೇ ತಿರುಗಿದ್ದಳು. ಹೋದದ್ದಕ್ಕಿಂತ ಜೋರಾಗಿ ಓಡಿಬಂದಳು.

"ಸರಿ, ತಗೊಂಡು ಬೇಗ ನಡಿ" ಅಂದ ಅಣ್ಣ.

ಬಯಲವ್ವ ಸೊಂಟದ ಮೇಲೆ ಕೈಯಿಟ್ಟಳು. "ಅದು ಹೇಗಪ್ಪಾ? ಮರೆತು ಹಿಂದಕ್ಕೆ ಬಂದವರು ಹಾಗೇ ಹೋಗಬಾರದು. ಒಂದು ಗಳಿಗೆ ಕೂತು, ನೀರು ಕುಡಿದು ಹೋಗಬೇಕು. ಶಾಸ್ತ್ರ ಎಲ್ಲ ನಿನಗೇ ಗೊತ್ತು ಅಂತೀಯ!"

ಶಾಸ್ತ್ರ ಅಂದಮೇಲೆ ಬಡಗಣ್ಣ ಒಪ್ಪಲೇಬೇಕು. "ಹಾಗಾದರೆ ನೀರು ಕೊಡವ್ವ, ಬೇಗ."

"ಎಲ್ಲಿಂದ ಕೊಡಲಿ? ಕೊಳ ನೋಡು, ಕಲ್ಲಾಗಿ ಕೂತಿದೆ. ಯಾರು ಮಾಡಿದ್ದು?"

ಬಡಗಣ್ಣ ಕೊಳ ನೋಡಿದ. ತನ್ನ ಕೈ ನೋಡಿಕೊಂಡ. "ನಾನು ಇಲ್ಲೇ ನಿಂತರೆ ಅದು ಕರಗಲ್ಲ" ಎಂದು ಗೊಣಗಿ, ದೂರ ಉತ್ತರಕ್ಕೆ ಹೋಗಿ ಬೆನ್ನು ಹಾಕಿ ನಿಂತ.

ಕೊಳ ಕರಗಲು ಐದು ದಿನ ಹಿಡಿಯಿತು. ಆ ಐದು ದಿನ ಬಯಲವ್ವ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಓಕ್ ಮರದ ಕೆಳಗೆ ಕಾಲು ಚಾಚಿ, ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು.

"ಅಲ್ಲಿ ಯಾರೇ ಬಾಚ್ತಾರೆ ನಿನಗೆ?"

"ಅಲೆಗಳು ಎಳೀತಾವೆ. ನೋಯುತ್ತೆ."

"ಇಲ್ಲಿ?"

"ಇಲ್ಲೂ ನೋಯುತ್ತೆ. ಇನ್ನೂ ನಿಧಾನ ಬಾಚು."

ಸಿಕ್ಕು ಬಿಟ್ಟಂತೆಲ್ಲ ಉದುರಿದ ಕೂದಲು ಬಿಸಿಲಿನಲ್ಲಿ ಬೆಳ್ಳಿಯ ಹಾಗೆ ತೇಲಿತು. ಒಂದು ಪುಟ್ಟ ಜೇಡ ಹತ್ತಿರ ಬಂದು, "ಬಯಲವ್ವ, ಒಂದೆಳೆ ತಗೊಳ್ಳಲಾ? ನಾನೂ ಗಾಳಿಯಲ್ಲಿ ತೇಲಿ ದೂರ ಹೋಗಬೇಕು" ಅಂತ ಕೇಳಿತು.

"ತಗೊಳ್ಳಪ್ಪ. ಹೋಗಿ ಬರ್ತೀನಿ ಅಂತ ಹೇಳಿ ಹೋಗು."

ಐದನೆಯ ದಿನ ಕೊಳ ಕರಗಿತು. ತೆಂಕವ್ವ ನೀರನ್ನು ಗುಟುಕು ಗುಟುಕಾಗಿ ಕುಡಿದಳು. ದೂರದಲ್ಲಿ ಅಣ್ಣ ಕೆಮ್ಮಿದ. ಅವಳು ಬಾಚಣಿಗೆ ಸಿಕ್ಕಿಸಿಕೊಂಡು ಎದ್ದಳು. ಈ ಸಲ ಬಯಲವ್ವ ಹಿಂದಿನಿಂದ ಕೂಗಲಿಲ್ಲ. ಮಡಿಲಲ್ಲಿ ಉಳಿದ ಎಳೆಗಳನ್ನು ಸುತ್ತಿ ಸುತ್ತಿ ಉಂಡೆ ಮಾಡುತ್ತಾ ಕೂತಿದ್ದಳು, ಚಳಿಗಾಲದ ದಪ್ಪ ಹಿಮ ಅವಳನ್ನು ಮುಚ್ಚುವ ತನಕ.

ಮರುವರ್ಷ ಜೋಳ ಬಂತು, ಕೆಲಸ ಬಂತು. "ಇರು ಮಗಳೇ" ಅನ್ನುವುದೂ ಬಂತು. ಅಭ್ಯಾಸ ಎಲ್ಲಿ ಹೋಗುತ್ತದೆ? ಬಾತುಗಳು ಕೂಗಿದವು. ಬಡಗಣ್ಣ ಬಂದು ತಂಗಿಯ ಗಂಟನ್ನು ತಾನೇ ಬಿಚ್ಚಿ ನೋಡಿದ.

"ಸೀರೆ ತಗೊಂಡಿಯಾ? ಮಿಂಚು? ಗುಡುಗು? ಮಡಿಲಕ್ಕಿ?"

"ಎಲ್ಲಾ ಇದೆ ಅಣ್ಣ."

ಬಾಚಣಿಗೆ ಓಕ್ ಮರದ ಬುಡದಲ್ಲಿತ್ತು. ಮೂವರಿಗೂ ಕಾಣುವ ಹಾಗೆಯೇ ಇತ್ತು. ಬಡಗಣ್ಣ ಮುಗಿಲಿನ ಕಡೆ ನೋಡುತ್ತಾ, "ಹಾಗಾದರೆ ಸರಿ, ನಡಿ" ಅಂದ. ಹೋಗುವಾಗ ಕೊಳದ ಮೇಲೆ ಹಿಂದಿನ ವರ್ಷಕ್ಕಿಂತ ಒಂದು ಬೆರಳು ದಪ್ಪಗೆ ಹೆಪ್ಪು ಹಾಕಿಯೇ ಹೋದ.

ಅದಕ್ಕೇ ಇವತ್ತಿಗೂ ಆ ಬಯಲುಸೀಮೆಯಲ್ಲಿ, ಎಲೆಯೆಲ್ಲ ಉದುರಿ, ಹಿಮ ಬಿದ್ದು, ಮಕ್ಕಳು ಸ್ವೆಟರ್ ಹಾಕಿಕೊಂಡ ಮೇಲೆ, ಐದಾರು ದಿನ ಬೇಸಿಗೆ ಇದ್ದಕ್ಕಿದ್ದಂತೆ ಹಿಂದಕ್ಕೆ ಬರುತ್ತದೆ. ಆಗ ಅಂಗಳದಲ್ಲಿ ಆಡುವ ಮಗುವಿನ ಕೆನ್ನೆಗೆ ಎಲ್ಲಿಂದಲೋ ತೇಲಿಬಂದ ಒಂದು ಬೆಳ್ಳಿ ಎಳೆ ತಾಗುತ್ತದೆ, ಮಗು ಅದನ್ನು ಒರೆಸಿಕೊಂಡು, ಯಾಕೋ ಒಳಗೆ ಅಮ್ಮ ಏನು ಮಾಡುತ್ತಿದ್ದಾಳೆ ಅಂತ ನೋಡಲು ಓಡುತ್ತದೆ.