ತಿರುವಿನ ಹಾಸುಗಲ್ಲು

ಹೊಳೆಯ ದಡದ ಆಶ್ರಮವೊಂದರಲ್ಲಿ ಮೋನಪ್ಪಾಚಾರ್ಯರು ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದರು. ಹರಿಣಾಕ್ಷಿ ಎರಡು ವರ್ಷದಿಂದ ಅವರ ಶಿಷ್ಯೆ.

ಅದೇ ಆಶ್ರಮದಲ್ಲಿ ಕಣ್ಣು ಕಾಣದ ಒಂಬತ್ತು ಮಂದಿ ಹೆಂಗಸರು ಚಾಪೆ ಹೆಣೆದು ಬದುಕುತ್ತಿದ್ದರು. ಅವರು ಹೊಳೆಗೆ ಇಳಿಯಲೆಂದು ಆಚಾರ್ಯರು ಮೆಟ್ಟಿಲುಗಳ ನಕ್ಷೆ ಬರೆದರು.

ಆಚಾರ್ಯರ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಸಾಫ್ಟ್‌ವೇರ್. ಮೆಟ್ಟಿಲು ಕಟ್ಟುವ ಕಂಟ್ರಾಕ್ಟರರ ಬಳಿ ಇದ್ದದ್ದು ಹೊಸದು. ಇಲ್ಲಿಯ ಫೈಲು ಅಲ್ಲಿ ತೆರೆಯುತ್ತಿರಲಿಲ್ಲ.

"ಏನಾದರೂ ದಾರಿ ಹುಡುಕು," ಎಂದರು ಆಚಾರ್ಯರು.

ಹರಿಣಾಕ್ಷಿ ಹುಡುಕಿದಳು. ಫೈಲನ್ನು ಮೊದಲು ಬೇರೊಂದು ಫಾರ್ಮ್ಯಾಟಿಗೆ ಬದಲಿಸಿ, ಅಲ್ಲಿಂದ ಹೊಸ ಸಾಫ್ಟ್‌ವೇರಿಗೆ ತಂದಳು. ನೇರ ಗೆರೆಗಳು ಸರಿಯಾಗಿ ಬಂದವು. ಬಾಗಿದ ಗೆರೆಗಳು ತುಂಡುತುಂಡಾಗಿ ಬಂದವು, ಕೂತು ಜೋಡಿಸಿದಳು. ಆಚಾರ್ಯರು ಕನ್ನಡದಲ್ಲಿ ಬರೆದಿದ್ದ ಟಿಪ್ಪಣಿಗಳು ಮಾತ್ರ ಬರಲಿಲ್ಲ. ಅಕ್ಷರಗಳಿದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಹೆಚ್ಚಿನವನ್ನು ನೆನಪಿನಿಂದ ಮತ್ತೆ ಬರೆದಳು. ಒಂದು ನೆನಪಾಗಲಿಲ್ಲ, ಮೆಟ್ಟಿಲು ಎಡಕ್ಕೆ ತಿರುಗುವ ಕಡೆಯದು. ಹತ್ತು ಹೆಜ್ಜೆ ನಡೆದು ಆಚಾರ್ಯರ ಕಂಪ್ಯೂಟರ್ ನೋಡಿದ್ದರೆ ತಿಳಿಯುತ್ತಿತ್ತು. ಆಚಾರ್ಯರು ಅದರ ಮುಂದೆಯೇ ಕೂತಿದ್ದರು.

ಅವಳು ಏಳಲಿಲ್ಲ. ಆ ಸಾಲನ್ನು ಅಳಿಸಿದಳು. ನಕ್ಷೆ ಚೊಕ್ಕಟವಾಗಿ ಕಂಡಿತು. ಕಳಿಸಿಬಿಟ್ಟಳು.

ಮೆಟ್ಟಿಲು ಕಟ್ಟಿ ಮುಗಿದ ನಾಲ್ಕನೆಯ ದಿನ, ಚಾಪೆ ಹೆಣೆಯುವ ದೇಜಮ್ಮ ತಿರುವು ತಿಳಿಯದೆ ನೇರ ಕಾಲಿಟ್ಟು ಕೆಳಗೆ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ಆಚಾರ್ಯರು ಹೋಗಿ ತಿರುವಿನ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತರು. ಕಲ್ಲು ನುಣ್ಣಗಿತ್ತು.

"ಇಲ್ಲಿ ಒರಟು ಕಲ್ಲು, ಪಾದಕ್ಕೆ ತಿರುವು ತಿಳಿಯಬೇಕು ಅಂತ ಬರೆದಿದ್ದೆನಲ್ಲ?"

"ಫಾರ್ಮ್ಯಾಟು ಹೊಂದಲಿಲ್ಲ ಗುರುಗಳೇ. ಬದಲಿಸುವಾಗ ಅಕ್ಷರ ಹೋಯಿತು."

"ಅಕ್ಷರ ಹೋದ ಜಾಗದಲ್ಲಿ ಏನಿತ್ತು?"

"ಪ್ರಶ್ನಾರ್ಥಕ ಚಿಹ್ನೆಗಳು."

"ಅವನ್ನು ಅಳಿಸಿದ್ದು ಯಾರು? ಸಾಫ್ಟ್‌ವೇರೋ?"

ಹರಿಣಾಕ್ಷಿಯ ಕಿವಿ ಬಿಸಿಯಾಯಿತು. "ನಾನು."

"ಫೈಲು ಅಷ್ಟು ಸಲ ಕೇಳಿತು. ನೀನು ನನ್ನನ್ನು ಒಂದು ಸಲವೂ ಕೇಳಲಿಲ್ಲ."

ಅವಳು ತಲೆ ತಗ್ಗಿಸಿಯೇ ಹೇಳಿದಳು. "ಯುಗಾದಿಯ ಹೊತ್ತಿಗೆ ಒಂದು ಸಲ ಕೇಳಿದ್ದೆ ಗುರುಗಳೇ. 'ಇಷ್ಟು ದಿನ ಕಲಿತು ಇದೂ ಬರುವುದಿಲ್ಲವಾ' ಅಂದಿರಿ. ಉಳಿದ ಶಿಷ್ಯರೆಲ್ಲ ನಕ್ಕರು. ಆಮೇಲೆ ಕೇಳುವುದಕ್ಕೆ ನಾಚಿಕೆಯಾಯಿತು."

ಹೇಳಿದ ಮೇಲೆ ಅದೂ ಒಂದು ನೆಪದಂತೆಯೇ ಕೇಳಿಸಿ, ಇನ್ನಷ್ಟು ಕುಗ್ಗಿದಳು.

ಆಚಾರ್ಯರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

"ನಡಿ," ಎಂದರು. "ದೇಜಮ್ಮನ ಹತ್ತಿರ."

"ಏನು ಹೇಳಲಿ?"

"ಆದದ್ದು."

ದೇಜಮ್ಮ ತಮ್ಮ ಕೋಣೆಯಲ್ಲಿ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದರು. ಹರಿಣಾಕ್ಷಿ ಎದುರಿಗೆ ಕೂತಳು. ಫಾರ್ಮ್ಯಾಟಿನ ಮಾತು ಎತ್ತಲಿಲ್ಲ.

"ಅಲ್ಲಿ ಒರಟು ಕಲ್ಲು ಹಾಕಬೇಕು ಅಂತ ಗುರುಗಳು ಬರೆದಿದ್ದರು ದೇಜಮ್ಮ. ನನಗೆ ಗೊತ್ತಾಗಲಿಲ್ಲ. ಕೇಳದೆ ಅಳಿಸಿಬಿಟ್ಟೆ. ನೀವು ಬಿದ್ದದ್ದು ಅದರಿಂದ."

ದೇಜಮ್ಮ ಎಡಗೈಯಿಂದ ತಮ್ಮ ಪಾದ ಸವರಿದರು.

"ಬಿದ್ದ ದಿನದಿಂದ ನನ್ನ ಕಾಲಿಗೇ ಬೈಯುತ್ತಿದ್ದೇನೆ ಮಗಾ," ಎಂದರು. "ಇಷ್ಟು ವರ್ಷ ಇದನ್ನೇ ನಂಬಿ ನಡೆದೆ. ಇನ್ನು ಇದನ್ನೂ ನಂಬಬಾರದು ಅಂತ ಕೋಣೆ ಬಿಟ್ಟು ಹೊರಗೆ ಹೋಗಲಿಲ್ಲ. ಕಾಲಿನ ತಪ್ಪಲ್ಲ ಅಂದೆಯಲ್ಲ, ಅಷ್ಟು ಸಾಕು."

ಬೈದಿದ್ದರೆ ಹರಿಣಾಕ್ಷಿಗೆ ಹಗುರವಾಗುತ್ತಿತ್ತು. ಈ ಮಾತು ಕೇಳಿ ಅವಳಿಗೆ ತಲೆ ಎತ್ತಲಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಆಚಾರ್ಯರು ಒಳಗೆ ಬಂದು ನೆಲದ ಮೇಲೆ ಕೂತರು.

"ಇವಳು ಅರ್ಧ ಹೇಳಿದಳು ದೇಜಮ್ಮ. ಇವಳು ಕೇಳದ ಹಾಗೆ ಮಾಡಿದವನು ನಾನು."

"ಹಾಗಾದರೆ ಇಬ್ಬರೂ ಸೇರಿ ಆ ಕಲ್ಲು ಸರಿಮಾಡಿ," ಎಂದರು ದೇಜಮ್ಮ. "ನಾನು ಬಿದ್ದಾಯಿತು. ಇನ್ನೂ ಎಂಟು ಮಂದಿ ಇದ್ದಾರೆ."

ಆ ಸಂಜೆ ಹರಿಣಾಕ್ಷಿ ತಾನು ಈವರೆಗೆ ಬದಲಿಸಿ ಕಳಿಸಿದ ಫೈಲುಗಳನ್ನೆಲ್ಲ ತೆರೆದು, ಆಚಾರ್ಯರ ಮೂಲ ನಕ್ಷೆಗಳ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸಿದಳು. ಇನ್ನೊಂದು ಕಡೆಯೂ ಅಳಿಸಿದ್ದಳು. ಆಶ್ರಮದ ಹೊಸ ಅಡುಗೆಮನೆಯ ನಕ್ಷೆ. ಕಟ್ಟಡ ಇನ್ನೂ ಎದ್ದಿರಲಿಲ್ಲ. ಮೂಲದಲ್ಲಿ ಬಾಗಿಲ ಬಳಿ ಕನ್ನಡ ಅಂಕಿಯಲ್ಲಿ ಬರೀ ಒಂದು ಅಳತೆ ಇತ್ತು. ಯಾತರ ಅಳತೆ ಎಂದು ತಿಳಿಯಲಿಲ್ಲ.

ಪಾಠದ ಕೋಣೆಯಲ್ಲಿ ಆಚಾರ್ಯರ ಜೊತೆ ಉಳಿದ ಶಿಷ್ಯರೂ ಇದ್ದರು. ಅವಳು ಎದ್ದು ನಿಂತಳು.

"ಗುರುಗಳೇ, ಇದು ಯಾತರ ಅಳತೆ? ನನಗೆ ಗೊತ್ತಾಗುತ್ತಿಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು. ಯಾರೋ ನಗಲು ಬಾಯಿ ತೆರೆದರು.

ಆಚಾರ್ಯರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ನನಗೂ ಗೊತ್ತಾಗುತ್ತಿಲ್ಲ," ಎಂದರು. "ಬಾ, ಇಬ್ಬರೂ ಕೂತು ನೋಡೋಣ."

ನಗಲು ಹೊರಟ ಬಾಯಿ ಮುಚ್ಚಿತು.

ಮರುದಿನ ಬೆಳಿಗ್ಗೆ ಇಬ್ಬರೂ ಸುತ್ತಿಗೆ, ಉಳಿ ಹಿಡಿದು ತಿರುವಿನಲ್ಲಿ ಕೂತರು. ಕಲ್ಲು ಗಟ್ಟಿಯಿತ್ತು. ಬಿಸಿಲೇರುವ ಹೊತ್ತಿಗೆ ಹರಿಣಾಕ್ಷಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕಲ್ಲು ಕಾಲುಭಾಗವಷ್ಟೇ ಒರಟಾಗಿತ್ತು.

ಅವಳು ಸುತ್ತಿಗೆ ಕೆಳಗಿಟ್ಟಳು.

"ಗುರುಗಳೇ, ಈ ನಾಚಿಕೆ ಯಾವಾಗ ಹೋಗುತ್ತದೆ?"

ಆಚಾರ್ಯರು ಕಲ್ಲಿನ ಪುಡಿಯನ್ನು ಊದಿ, ಕೆತ್ತಿದ ಜಾಗವನ್ನು ಅಂಗೈಯಲ್ಲಿ ಸವರಿ ನೋಡಿದರು.

"ನನ್ನದು ಹೋದ ದಿನ ಹೇಳುತ್ತೇನೆ."